ದೀರ್ಘಾಯಾಸರೋಗದಲ್ಲಿ ನಿದ್ರೆ, ದೇಹದ ಗಡಿಯಾರ ಮತ್ತು ಹೃದಯ



ದಣಿದವನಿಗೆ ನಿದ್ರೆಯೇ ಔಷಧವೆಂಬುದು ಸರ್ವವಿದಿತವಾದ ವಿಷಯವು. ಹಗಲೆಲ್ಲ ಹೊಲದಲ್ಲಿ ದುಡಿದವನು ರಾತ್ರಿ ಕಂಬಳಿಯ ಮೇಲೆ ಮಲಗಿ ಬೆಳಗ್ಗೆ ಹೊಸಬನಂತೆ ಏಳುವನು. ಆದರೆ ಎಂಟು ಗಂಟೆ ಮಲಗಿದರೂ ಮಲಗುವಾಗಿದ್ದ ದಣಿವಿನೊಡನೆಯೇ ಏಳುವಂತೆ ಮಾಡುವ ರೋಗವೊಂದುಂಟು. ಇದಕ್ಕೆ ವೈದ್ಯರು ದೀರ್ಘಾಯಾಸರೋಗವೆಂದೂ ಮಯಾಲ್ಜಿಕ್ ಎನ್ಸೆಫಲೋಮೈಲೈಟಿಸ್ ಎಂದೂ ಹೆಸರಿಟ್ಟಿರುವರು. ಇಂತಹ ರೋಗಿಯು ಮನೆಯವರ ಕಣ್ಣಿಗೆ ಸೋಮಾರಿಯಾಗಿ ಕಾಣುವನು. ಕಾಯಕಕ್ಕೆ ಹಿರಿಯ ಸ್ಥಾನವನ್ನಿತ್ತ ಮನೆತನಗಳಲ್ಲಂತೂ, ಹೊತ್ತೇರಿದ ಮೇಲೂ ಹಾಸಿಗೆ ಬಿಡಲಾರದ ಸೊಸೆಗೋ ಮಗನಿಗೋ ಒದಗುವ ನಿಂದೆಯು ರೋಗಕ್ಕಿಂತಲೂ ಕಠಿನವಾದುದು. ಆ ನಿಂದೆಯು ನ್ಯಾಯವೇ ಎಂಬುದು ಇಲ್ಲಿ ವಿಚಾರಣೀಯವು.

ವಿಶ್ವ ಆರೋಗ್ಯ ಸಂಸ್ಥೆಯು 1969ರಲ್ಲಿಯೇ ಇದನ್ನು ನರಮಂಡಲದ ರೋಗಗಳ ಪಟ್ಟಿಯಲ್ಲಿ ಸೇರಿಸಿತು. 2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸಂಸ್ಥೆಯು ಇದರ ಲಕ್ಷಣಗಳನ್ನು ನಿರ್ಣಯಿಸಿತು. ಆರು ತಿಂಗಳಿಗೂ ಮೀರಿ ಕೆಲಸಕಾರ್ಯಗಳನ್ನು ಕುಗ್ಗಿಸುವ ಆಯಾಸ. ಶ್ರಮಪಟ್ಟ ಮೇಲೆ ರೋಗವು ಉಲ್ಬಣಿಸುವುದು. ಚೈತನ್ಯ ಕೊಡದ ನಿದ್ರೆ. ಇವುಗಳ ಜೊತೆಗೆ ಬುದ್ಧಿ ಮಂಕಾಗುವುದಾಗಲಿ ನಿಂತಿರಲು ಶಕ್ತಿಯಿಲ್ಲದಿರುವುದಾಗಲಿ ಕಂಡುಬರಬೇಕು.

ನಿದ್ರೆಗೂ ಎಚ್ಚರಕ್ಕೂ ಹೊತ್ತನ್ನು ಗೊತ್ತುಮಾಡುವ ಗಡಿಯಾರವೊಂದು ಜೀವಿಗಳ ಒಳಗೇ ಇರುವುದು. ಫ್ರಾನ್ಸಿನ ದ ಮೆರಾನ್ ಎಂಬ ಪಂಡಿತನು 1729ರಲ್ಲಿ ಮುಟ್ಟಿದರೆ ಮುನಿಯಂತಹ ಗಿಡವನ್ನು ಕತ್ತಲೆಯಲ್ಲಿಟ್ಟು ನೋಡಲು, ಬಿಸಿಲಿಲ್ಲದಿದ್ದರೂ ಅದು ಹಗಲು ಎಲೆ ಬಿಚ್ಚಿ ಇರುಳು ಮುಚ್ಚುತ್ತಿದ್ದಿತು. ಈ ಗಡಿಯಾರದ ಅಣುಮಟ್ಟದ ಯಂತ್ರವನ್ನು ವಿವರಿಸಿದ ಹಾಲ್, ರಾಸ್‌ಬ್ಯಾಷ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಮನುಷ್ಯನಲ್ಲಿ ಮಿದುಳಿನ ಹೈಪೋಥಲಮಸ್ ಎಂಬ ಭಾಗದಲ್ಲಿ ಇದರ ಮುಖ್ಯಸ್ಥಾನವಿರುವುದು. ಕಣ್ಣಿಗೆ ಬೀಳುವ ಬೆಳಕು ಪ್ರತಿದಿನವೂ ಅದನ್ನು ಸರಿಪಡಿಸುವುದು. ಈ ಗಡಿಯಾರದ ಏರುಪೇರೇ ಆಯಾಸರೋಗದ ಮೂಲವೆಂದು ಸಿದ್ಧವಾಗಿಲ್ಲ. ಆದರೂ ರೋಗಿಗಳ ನಿದ್ರೆಯ ಹೊತ್ತು ಕದಲುವುದು ಸಾಮಾನ್ಯವು.

ಹೃದಯಕ್ಕೂ ಈ ಗಡಿಯಾರಕ್ಕೂ ನಂಟುಂಟು. ಆರೋಗ್ಯವಂತನು ನಿದ್ರಿಸುವಾಗ ನಾಡಿಯು ನಿಧಾನವಾಗುವುದು. ರಕ್ತದೊತ್ತಡವು ಹಗಲಿಗಿಂತ ನೂರಕ್ಕೆ 10ರಿಂದ 20ರಷ್ಟು ತಗ್ಗುವುದು. ಆಯಾಸರೋಗಿಗಳ ರಾತ್ರಿಯ ನಾಡಿಯನ್ನು ಅಳೆದ ಕೆಲವು ಸಂಶೋಧನೆಗಳಲ್ಲಿ, ಬಡಿತಬಡಿತಗಳ ನಡುವಣ ಸಹಜವಾದ ವ್ಯತ್ಯಾಸವು ಕಡಿಮೆಯಾಗಿರುವುದು ಕಂಡುಬಂದಿದೆ. ದೇಹವು ಮಲಗಿದರೂ ಹೃದಯವನ್ನಾಳುವ ನರಗಳು ಕಾವಲುಗಾರನಂತೆ ಎಚ್ಚೆತ್ತೇ ಇರುವುವೆಂದು ಇದರಿಂದ ಊಹಿಸಬಹುದು. ಮತ್ತೆ ಕೆಲವರಲ್ಲಿ, ಎದ್ದು ನಿಂತ 10 ನಿಮಿಷಗಳೊಳಗೆ ನಾಡಿಯ ಬಡಿತವು ನಿಮಿಷಕ್ಕೆ 30 ಅಥವಾ ಅದಕ್ಕೂ ಹೆಚ್ಚು ಏರಿ ತಲೆಸುತ್ತುವುದು. ಒಲೆಯ ಮುಂದೆ ಅರ್ಧ ಗಂಟೆ ನಿಲ್ಲಲಾರೆನೆಂದು ಸೊಸೆಯು ಹೇಳಿದರೆ ಅದು ನೆವವಲ್ಲ. ನಾಡಿ ಹಿಡಿದು ನೋಡಿದರೆ ತಿಳಿಯುವ ಸತ್ಯವು.

ಬೆಂಗಳೂರಿನ ದಕ್ಷಿಣಭಾಗದಲ್ಲಿ ಈ ವಿಚಾರಕ್ಕೆ ಇನ್ನೊಂದು ಮುಖವುಂಟು. ಬಿ.ಟಿ.ಎಂ. ಬಡಾವಣೆ, ಜೆ.ಪಿ. ನಗರ, ಬನಶಂಕರಿಗಳಲ್ಲಿ ಕಡಲಾಚೆಯ ದೇಶಗಳ ಹಗಲಿಗೆ ಹೊಂದಿಕೊಂಡು ಇರುಳೆಲ್ಲ ಕಂಪ್ಯೂಟರಿನ ಮುಂದೆ ದುಡಿಯುವ ತರುಣರು ಹಲವರಿರುವರು. ವರ್ಷಗಟ್ಟಲೆ ರಾತ್ರಿಪಾಳಿ ಮಾಡುವವರಲ್ಲಿ ಹೃದ್ರೋಗದ ಅಪಾಯವು ಹೆಚ್ಚೆಂದು ಸಂಶೋಧಕರು ಕಂಡಿರುವರು. ಇವರ ದಣಿವೆಲ್ಲವೂ ದೀರ್ಘಾಯಾಸರೋಗವಲ್ಲ. ರಕ್ತಹೀನತೆ, ಥೈರಾಯ್ಡಿನ ದೋಷ, ಸಕ್ಕರೆಕಾಯಿಲೆ, ಗೊರಕೆಯ ನಡುವೆ ಉಸಿರು ನಿಲ್ಲುವ ವ್ಯಾಧಿ, ಹೃದಯದ ದೌರ್ಬಲ್ಯ ಇವೆಲ್ಲವೂ ದಣಿವಿನ ವೇಷದಲ್ಲಿಯೇ ಬರುವುವು. ಆದುದರಿಂದ ಮೊದಲು ಪರೀಕ್ಷೆಯಾಗಬೇಕು. ಜಯನಗರದ ಅಂಚಿನಲ್ಲಿ, ಬನ್ನೇರುಘಟ್ಟ ರಸ್ತೆಯಲ್ಲಿ ಶ್ರೀ ಜಯದೇವ ಹೃದ್ರೋಗ ಸಂಸ್ಥೆಯೂ, ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಸಂಸ್ಥೆಯೂ ಇರುವುವು. ನಿಮ್ಹಾನ್ಸ್ ಎಂದೊಡನೆ ಹುಚ್ಚಿನ ಆಸ್ಪತ್ರೆಯೆಂದು ಬೆದರುವುದು ಅವಿವೇಕವು. ಅಲ್ಲಿ ನರರೋಗಗಳ ಚಿಕಿತ್ಸೆಯೂ ನಿದ್ರೆಯ ಸಂಶೋಧನೆಯೂ ನಡೆಯುವುವು.

ರೋಗವು ದೀರ್ಘಾಯಾಸವೆಂದೇ ನಿರ್ಧಾರವಾದರೆ ಅದನ್ನು ಬುಡಸಮೇತ ಕೀಳುವ ಔಷಧವು ಇನ್ನೂ ದೊರೆತಿಲ್ಲ. ಆದರೂ ಮಾಡತಕ್ಕುದು ಇಲ್ಲದಿಲ್ಲ. ಏಳುವ ಹೊತ್ತನ್ನು ಸಾಧ್ಯವಾದಷ್ಟು ಒಂದೇ ಆಗಿರಿಸಬೇಕು. ಬೆಳಗಿನ ಬೆಳಕಿನಲ್ಲಿ ಕುಳಿತಿರಬೇಕು. ಸಂಜೆಯ ಮೇಲೆ ಕಾಫಿಯನ್ನೂ, ಮಲಗುವ ಮುನ್ನ ಮೊಬೈಲಿನ ಪ್ರಕಾಶವನ್ನೂ ತ್ಯಜಿಸಬೇಕು. ಮಂಚದಿಂದ ಥಟ್ಟನೆ ಏಳದೆ ಕ್ಷಣಕಾಲ ಕುಳಿತು ಏಳಬೇಕು. ಎದೆನೋವು ಅಥವಾ ಮೂರ್ಛೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಶಕ್ತಿಯಿದ್ದಷ್ಟೇ ಕೆಲಸಮಾಡಿ ದಣಿಯುವ ಮುನ್ನವೇ ವಿರಮಿಸಬೇಕು. ದಿನದಿನಕ್ಕೂ ವ್ಯಾಯಾಮವನ್ನು ಹೆಚ್ಚಿಸಿದರೆ ಗುಣವಾಗುವುದೆಂಬ ಹಳೆಯ ಚಿಕಿತ್ಸೆಯನ್ನು ಬ್ರಿಟನ್ನಿನ ನೈಸ್ ಸಂಸ್ಥೆಯು 2021ರಲ್ಲಿ ಕೈಬಿಟ್ಟಿತು. ಬಲವಂತದ ಶ್ರಮದ ಪೆಟ್ಟು ಒಂದೆರಡು ದಿನ ಕಳೆದು ತಗಲುವುದೂ ಉಂಟು.

ಇಲ್ಲಿ ಮನೆಯವರ ಪಾತ್ರವು ವೈದ್ಯರ ಪಾತ್ರಕ್ಕಿಂತ ಕಿರಿದಲ್ಲ. ಕೈಲಾಗುವವನು ಮಾಡದಿದ್ದರೆ ಅದು ಸೋಮಾರಿತನ. ಮಾಡಬೇಕೆಂಬ ಮನಸ್ಸಿದ್ದೂ ದೇಹವು ಏಳಗೊಡದಿದ್ದರೆ ಅದು ರೋಗ. ಈ ಭೇದವನ್ನು ಅರಿತ ಮನೆಯಲ್ಲಿ ರೋಗಿಯ ಹೊರೆಯು ಅರ್ಧವಾದರೂ ಇಳಿಯುವುದು. ಅಂತಹವರ ಪಾಲಿನ ಕೆಲಸವನ್ನು ಮುನಿಸಿಲ್ಲದೆ ಹಂಚಿಕೊಳ್ಳುವುದೂ ಕಾಯಕವೇ ಸರಿ.