ಬೆಲೆ ಏರಿತು, ಪಿಂಚಣಿ ಏರಲಿಲ್ಲ



ಮೈಸೂರು ರಸ್ತೆಯಲ್ಲಿ ಬಿಡದಿಗೆ ಬಂದರೆ ತಟ್ಟೆ ಇಡ್ಲಿ ಹೋಟೆಲುಗಳು ಸಾಲಾಗಿ ಸಿಗುತ್ತವೆ. ಒಂದರ ಮೇಲೊಂದು ಪೇರಿಸಿದ ತಟ್ಟೆಗಳು, ಮುಚ್ಚಳ ತೆಗೆದ ಕೂಡಲೇ ಮುಖಕ್ಕೆ ಬಡಿಯುವ ಹಬೆ, ಇಡ್ಲಿಯ ಮೇಲೆ ಕರಗುವ ಬೆಣ್ಣೆ. ಆ ಒಂದು ತಟ್ಟೆಯ ಬೆಲೆಯೊಳಗೆ ಅಕ್ಕಿ, ಉದ್ದಿನಬೇಳೆ, ಚಟ್ನಿಯ ತೆಂಗಿನಕಾಯಿ, 19 ಕಿಲೋ ಸಿಲಿಂಡರು, ಅಂಗಡಿ ಬಾಡಿಗೆ, ಕೆಲಸದವರ ಕೂಲಿ ಎಲ್ಲವೂ ಇವೆ. ಇವು ಏರುತ್ತ ಹೋದರೆ ಮಾಲೀಕರು ಬೋರ್ಡಿನ ಮೇಲಿನ ಅಂಕಿ ತಿದ್ದಲೇಬೇಕು. ತಿನ್ನುವವರ ಆದಾಯವನ್ನು ಹೀಗೆ ತಿದ್ದುವವರು ಯಾರು?

ಕೆಲವರಿಗೆ ಆ ಏರ್ಪಾಡು ಇದೆ. ಸರ್ಕಾರಿ ನೌಕರರಿಗೆ ತುಟ್ಟಿಭತ್ಯೆ ಬರುತ್ತದೆ. 1999ರಲ್ಲಿ ಟೊಯೋಟಾ ಕಾರ್ಖಾನೆ ಉತ್ಪಾದನೆ ಶುರುಮಾಡಿದ ಮೇಲೆ ಬಿಡದಿ ಕೈಗಾರಿಕಾ ಪ್ರದೇಶ ಬೆಳೆಯುತ್ತಲೇ ಇದೆ. ಅಲ್ಲಿ ಗುತ್ತಿಗೆಯ ಮೇಲೆ ದುಡಿಯುವವರಿಗೂ ಕನಿಷ್ಠ ವೇತನದ ಜೊತೆ ತುಟ್ಟಿಭತ್ಯೆ ಸಲ್ಲಬೇಕು. ರಾಜ್ಯದಲ್ಲಿ ಅದು ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಲೆಕ್ಕಕ್ಕೆ ಆಧಾರ ಗ್ರಾಹಕ ಬೆಲೆ ಸೂಚ್ಯಂಕ. ಅಕ್ಕಿ, ಬೇಳೆ, ಬಟ್ಟೆ, ಬಾಡಿಗೆಗಳ ದರವನ್ನು ತಿಂಗಳು ತಿಂಗಳೂ ಕಲೆಹಾಕಿ, ಜೀವನ ಎಷ್ಟು ದುಬಾರಿಯಾಯಿತು ಎಂದು ಹೇಳುವ ಅಂಕಿ ಅದು. ಭತ್ಯೆ ಕೈಗೆ ಬಂದರೂ ಹನ್ನೊಂದು ತಿಂಗಳ ಕರಾರು ಮುಗಿದ ಕೂಡಲೇ ಮನೆ ಬಾಡಿಗೆ ಅದನ್ನು ನುಂಗುವುದುಂಟು. ಆದರೂ ಏನೋ ಒಂದು ಬರುತ್ತದೆ.

ದುಡಿಯಲಾಗದ ವಯಸ್ಸಿನವರಿಗೆ ಅದೂ ಇಲ್ಲ. ಕೇಂದ್ರ ಸರ್ಕಾರ ವೃದ್ಧಾಪ್ಯ ಪಿಂಚಣಿ ಆರಂಭಿಸಿದ್ದು 1995ರ ಆಗಸ್ಟ್ 15ರಂದು, ತಿಂಗಳಿಗೆ 75 ರೂಪಾಯಿಯಿಂದ. ಆಮೇಲೆ ಅದು 200 ಆಯಿತು. 80 ದಾಟಿದವರಿಗೆ 500 ಕೊಡುತ್ತಾರೆ. ಉಳಿದವರಿಗೆ ಕೇಂದ್ರದ ಪಾಲು 2007ರಿಂದಲೂ ಅದೇ 200. ಒಂದು ತಲೆಮಾರು ಹುಟ್ಟಿ ಕಾಲೇಜು ಸೇರುವಷ್ಟು ಕಾಲ ಒಂದು ಅಂಕಿ ಕದಲಿಲ್ಲ ಎಂದರೆ ಅದನ್ನು ಮರೆವು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ರಾಜ್ಯ ತನ್ನ ಪಾಲು ಸೇರಿಸುತ್ತದೆ ನಿಜ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಿಂದ ಈಗ 1200 ರೂಪಾಯಿ ಸಿಗುತ್ತದೆ.

ಈ 1200ಕ್ಕೆ ಏನಾಗುತ್ತದೆ ನೋಡಿ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ದಿನಕ್ಕೆ ಅರ್ಧ ಲೀಟರ್ ಕೊಳ್ಳುವ ಅಜ್ಜಿಗೆ ತಿಂಗಳಿಗೆ ಹದಿನೈದು ಲೀಟರ್, ಹೆಚ್ಚಿನ ಖರ್ಚು 60 ರೂಪಾಯಿ. ಪಿಂಚಣಿಯ ಇಪ್ಪತ್ತರಲ್ಲೊಂದು ಪಾಲು ಹಾಲೊಂದಕ್ಕೇ ಹೋಯಿತು. ದನ ಸಾಕುವ ರೈತರಿಗೆ ಆ ಹಣ ಸಲ್ಲಬೇಕಾದದ್ದೇ. ಅಜ್ಜಿಗೆ ಅದನ್ನು ತುಂಬಿಕೊಡುವವರಿಲ್ಲ ಎಂಬುದು ನನ್ನ ಅಳಲು. ಮಾತ್ರೆ, ಬೇಳೆ, ಎಣ್ಣೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ವಸ್ತುವಿನ ರೂಪದಲ್ಲಿ ಸಿಗುವ ನೆರವು ಹೀಗೆ ಸವೆಯುವುದಿಲ್ಲ. 2025ರ ಜನವರಿಯಲ್ಲಿ ಸಾರಿಗೆ ಬಸ್ ದರ ಶೇಕಡಾ 15ರಷ್ಟು ಏರಿತು. ಶಕ್ತಿ ಯೋಜನೆಯಲ್ಲಿ ಉಚಿತವಾಗಿ ಓಡಾಡುವ ಹೆಣ್ಣುಮಕ್ಕಳಿಗೆ ಅದು ತಟ್ಟಲಿಲ್ಲ. ಪಡಿತರದ ಅಕ್ಕಿಯೂ ಹಾಗೆಯೇ. 2023ರಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋಗೆ ಅಕ್ಕಿ ಹೊಂದಿಸಲಾಗದೆ ಸರ್ಕಾರ ಕಿಲೋಗೆ 34 ರೂಪಾಯಿಯಂತೆ ಹಣ ಹಾಕಿತು, ತಲೆಗೆ 170. ಅಂಗಡಿಯಲ್ಲಿ ಒಳ್ಳೆಯ ಅಕ್ಕಿಯ ದರ ಅದಕ್ಕಿಂತ ಮೇಲಿತ್ತು. 2025ರ ಫೆಬ್ರವರಿಯಲ್ಲಿ ಮತ್ತೆ ಅಕ್ಕಿಯೇ ಬಂತು. ಗೃಹಲಕ್ಷ್ಮಿಯ 2000 ರೂಪಾಯಿ ಮಾತ್ರ 2023ರ ಆಗಸ್ಟಿನಿಂದ ಅಷ್ಟೇ ಇದೆ. ಮನೆಯೊಡತಿಯ ಕೈಗೆ ನೇರವಾಗಿ ಸೇರುವ ಆ ಹಣ ದೊಡ್ಡ ಆಸರೆ. ಅದು ಉಳಿಯಬೇಕು ಎನ್ನುವವರೇ ಅದರ ಬೆಲೆ ಕುಸಿಯದಂತೆ ನೋಡಿಕೊಳ್ಳಿ ಎಂದೂ ಕೇಳಬೇಕು.

ಕೂಲಿಗೆ ಬಳಸುವ ಸೂಚ್ಯಂಕವನ್ನು ಪಿಂಚಣಿಗೂ ಬಳಸಬಹುದು. ಹೊಸ ಇಲಾಖೆ ಬೇಡ, ಹೊಸ ಸಮೀಕ್ಷೆ ಬೇಡ. ವರ್ಷಕ್ಕೊಮ್ಮೆ ತಾನಾಗಿ ಏರುವಂತೆ ಒಂದು ಆದೇಶ, ಅದಕ್ಕೆ ಬಜೆಟ್ಟಿನಲ್ಲಿ ಹಣ, ಇಷ್ಟು ಸಾಕು. ಮತ ಕೇಳಲು ನಿಮ್ಮ ಮನೆಗೆ ಬರುವವರು ಯಾವ ಪಕ್ಷದವರೇ ಆಗಿರಲಿ, ದಯವಿಟ್ಟು ಇದೊಂದನ್ನು ಕೇಳಿ. ನಿಮ್ಮ ಬೀದಿಯಲ್ಲಿ 65 ದಾಟಿಯೂ ಪಿಂಚಣಿ ಇಲ್ಲದ ಬಡವರಿದ್ದರೆ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಜೊತೆ ಅವರನ್ನು ನಾಡಕಚೇರಿಗೆ ಕರೆದುಕೊಂಡು ಹೋಗಿ ಅರ್ಜಿ ಹಾಕಿಸಿ.