ಬಾಡಿಗೆ ಮನೆ ಹಿಡಿದು ನೋಡು

(ರಾಜ್ಯೋತ್ಸವದ ಕೂಟದಲ್ಲಿ ಆಡಿದ ಮಾತಿನ ಬರಹರೂಪ)

ಊಟಕ್ಕೆ ಮೊದಲು ಮಾತಾಡೋಕೆ ನಿಲ್ಲಿಸಿದ್ದಾರೆ, ಹಾಗಾಗಿ ನೇರ ವಿಷಯಕ್ಕೆ ಬರ್ತೀನಿ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನೋದು ಊರಿನವರಿಗೆ ಸರಿ. ಜಪಾನಿಗೆ ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆ ‘ಬಾಡಿಗೆ ಮನೆ ಹಿಡಿದು ನೋಡು’ ಅಂದರೆ ಸಾಕು.

ಬಂದ ಹೊಸದರಲ್ಲಿ ಹೆಚ್ಚಿನವರು ಇರೋದು ಕಂಪನಿ ಕೊಟ್ಟ ರೂಮಿನಲ್ಲಿ. ಅದು ಸುಖವೇ. ಆದರೆ ಆ ರೂಮಿನ ಕರಾರು ಕಂಪನಿಯ ಹೆಸರಲ್ಲಿರುತ್ತೆ. ಕೆಲಸ ಹೋದರೆ ಸೂರೂ ಹೋಯ್ತು. ಹಿಂದಿನ ಚಳಿಗಾಲದಲ್ಲಿ ದಾವಣಗೆರೆ ಕಡೆಯ ಒಬ್ಬ ಹುಡುಗನಿಗೆ ಹೀಗೇ ಆಯ್ತು. ಗುತ್ತಿಗೆ ಮುಗೀತು, ಹತ್ತು ದಿನದಲ್ಲಿ ರೂಮ್ ಖಾಲಿ ಮಾಡು ಅಂದರು. ಬೇರೆ ಮನೆ ನೋಡೋಣ ಅಂದರೆ ಕೈಯಲ್ಲಿ ಕೆಲಸವಿಲ್ಲ. ಕೆಲಸವಿಲ್ಲದವನಿಗೆ ಜಾಮೀನು ಸಿಗೋದಿಲ್ಲ. ಒಂದೂವರೆ ತಿಂಗಳು ನಮ್ಮ ಆರು ತತಾಮಿಯ ಕೋಣೆಯಲ್ಲೇ ಮಲಗಿದ. ಅದಕ್ಕೇ ಹೇಳೋದು, ಕೆಲಸ ಗಟ್ಟಿಯಾಗಿ ಇರುವಾಗಲೇ ನಿಮ್ಮ ಹೆಸರಲ್ಲಿ ಒಂದು ಕರಾರು ಮಾಡಿಕೊಳ್ಳಿ.

ಇಲ್ಲಿ ಬಾಡಿಗೆಗಿಂತ ಹೊಸಿಲು ದಾಟುವ ಖರ್ಚೇ ಭಾರ. ತಿಂಗಳಿಗೆ 80,000 ಯೆನ್ ಮನೆ ಅಂತ ಇಟ್ಟುಕೊಳ್ಳಿ. ಶಿಕಿಕಿನ್ ಅಂದರೆ ಠೇವಣಿ, ಒಂದು ತಿಂಗಳದ್ದು. ರೇಯ್‌ಕಿನ್ ಇನ್ನೊಂದು ತಿಂಗಳದ್ದು. ಇದು ಮಾಲೀಕರಿಗೆ ಕೊಡುವ ‘ಧನ್ಯವಾದದ ದುಡ್ಡು’, ವಾಪಸ್ ಬರೋದಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಬೈಯುತ್ತಿದ್ದವರು ನಾವು, ಆದರೆ ಅದರಲ್ಲಿ ಬಣ್ಣದ ಖರ್ಚು ಕಳೆದು ಮಿಕ್ಕಿದ್ದಾದರೂ ಕೈಗೆ ಬರ್ತಿತ್ತು! ಏಜೆಂಟರ ಕಮಿಷನ್ ಒಂದು ತಿಂಗಳ ಬಾಡಿಗೆ ಮತ್ತು ತೆರಿಗೆ. ಕಾನೂನಿನ ಪ್ರಕಾರ ಅದಕ್ಕಿಂತ ಮೇಲೆ ಕೇಳುವಂತಿಲ್ಲ. ಜಾಮೀನು ಕಂಪನಿಗೆ ಅರ್ಧ ತಿಂಗಳದ್ದು ಅಂತ ಹಿಡಿಯೋಣ, ಜೊತೆಗೆ ವಿಮೆ, ಬೀಗ ಬದಲಾವಣೆ, ಮೊದಲ ತಿಂಗಳ ಬಾಡಿಗೆ. ಎಲ್ಲಾ ಸೇರಿ ನಾಲ್ಕು ಲಕ್ಷ ಯೆನ್ ದಾಟುತ್ತೆ. ಎರಡು ವರ್ಷಕ್ಕೊಮ್ಮೆ ನವೀಕರಣ ಶುಲ್ಕ ಬೇರೆ.

ದುಡ್ಡಿದ್ದರೂ ಬಾಗಿಲು ತೆರೆಯುತ್ತೆ ಅಂತ ಇಲ್ಲ. ಜಪಾನಿನ ಕಾನೂನು ಸಚಿವಾಲಯ 2017ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿತ್ತು. ಹಿಂದಿನ ಐದು ವರ್ಷಗಳಲ್ಲಿ ಮನೆ ಹುಡುಕಿದ್ದ ವಿದೇಶಿಯರಲ್ಲಿ ಶೇಕಡಾ 39ರಷ್ಟು ಜನ, ವಿದೇಶಿಯರು ಅನ್ನೋ ಕಾರಣಕ್ಕೇ ಮನೆ ಸಿಗಲಿಲ್ಲ ಅಂದಿದ್ದರು. ಇದೇ ದೇಶದಲ್ಲಿ 2023ರ ಲೆಕ್ಕದಂತೆ 90 ಲಕ್ಷ ಮನೆ ಖಾಲಿ. ಊರಲ್ಲಿ ‘ಬ್ಯಾಚುಲರ್‌ಗೆ ಕೊಡಲ್ಲ’ ಅನ್ನಿಸಿಕೊಂಡವರಿಗೆ ಆ ಮಾತಿನ ಧಾಟಿ ಗೊತ್ತೇ ಇದೆ.

ಹಾಗಾದರೆ ದಾರಿ ಯಾವುದು? ನನ್ನ ಮಟ್ಟಿಗೆ ಮೊದಲು ನೋಡಬೇಕಾದ್ದು ಯೂಆರ್ ಮನೆಗಳನ್ನು. 1955ರಲ್ಲಿ ಹುಟ್ಟಿದ ಸರಕಾರಿ ವಸತಿ ನಿಗಮದ ವಂಶದ ಸಂಸ್ಥೆ ಅದು. ರೇಯ್‌ಕಿನ್ ಇಲ್ಲ, ಕಮಿಷನ್ ಇಲ್ಲ, ನವೀಕರಣ ಶುಲ್ಕ ಇಲ್ಲ, ಜಾಮೀನುದಾರರೂ ಬೇಕಿಲ್ಲ. ಎರಡು ತಿಂಗಳ ಠೇವಣಿ ಇಟ್ಟರೆ ಆಯ್ತು. ಸಂಬಳದ ಪುರಾವೆ ಕೇಳ್ತಾರೆ. ಸಂಬಳ ಸಾಲದಿದ್ದರೆ ಒಂದು ವರ್ಷದ ಬಾಡಿಗೆ ಒಟ್ಟಿಗೆ ಕಟ್ಟುವ ದಾರಿಯೂ ಇದೆ. ಗೆಳೆಯರಿಬ್ಬರು ಸೇರಿ ಹಿಡಿಯಬಹುದಾದ ಮನೆಗಳೂ ಇವೆ. ಟೋಕಿಯೋದ ನಿಶಿ ಕಸಾಯ್‌ನಲ್ಲಿ 2000ರ ಆಸುಪಾಸಿನಿಂದ ನಮ್ಮ ದೇಶದ ಐಟಿ ಜನ ನೆಲೆಯಾಗಿದ್ದಕ್ಕೆ ಅಲ್ಲಿನ ಯೂಆರ್ ಕಟ್ಟಡಗಳೂ ಒಂದು ಕಾರಣ. ಕಟ್ಟಡ ಹಳೆಯದು, ಲಿಫ್ಟ್ ಇಲ್ಲ ಅಂತ ಮೂಗು ಮುರಿಯಬೇಡಿ. ಆದರೆ ಕಟ್ಟಿದ ವರ್ಷ ಕೇಳಿ: ಭೂಕಂಪದ ಹೊಸ ನಿಯಮ ಬಂದದ್ದು 1981ರ ಜೂನ್‌ನಲ್ಲಿ. ಅದಕ್ಕಿಂತ ಹಳೆಯದಾದರೆ ಬಲಪಡಿಸಿದ್ದಾರಾ ಅಂತ ವಿಚಾರಿಸಿ.

ಶೇರ್ ಹೌಸ್ ಕೆಲವು ತಿಂಗಳ ಮಟ್ಟಿಗೆ ಅಡ್ಡಿಯಿಲ್ಲ. ಹಾಸಿಗೆ, ಫ್ರಿಜ್ ಎಲ್ಲಾ ಅಲ್ಲೇ ಇರುತ್ತೆ. ಆದರೆ ಆ ವಿಳಾಸವನ್ನು ವಾರ್ಡ್ ಕಚೇರಿಯಲ್ಲಿ ನೋಂದಾಯಿಸಬಹುದಾ ಅಂತ ಮೊದಲೇ ಕೇಳಿ, ಯಾಕಂದರೆ ಮನೆ ಸೇರಿದ 14 ದಿನದೊಳಗೆ ಆ ಕೆಲಸ ಆಗಬೇಕು. ಸಾಮೂಹಿಕ ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಇಡೀ ಮಹಡಿ ಕೆಮ್ಮುತ್ತೆ, ಅದೂ ನೆನಪಿರಲಿ.

ಠೇವಣಿ ಸೊನ್ನೆ, ರೇಯ್‌ಕಿನ್ ಸೊನ್ನೆ ಅನ್ನೋ ಜಾಹೀರಾತು ಕಂಡರೆ ಕರಾರಿನ ಕೊನೆಯ ಪುಟ ಓದಿಸಿಕೊಳ್ಳಿ. ವರ್ಷದೊಳಗೆ ಬಿಟ್ಟರೆ ದಂಡ, ಬಿಡುವಾಗ ಶುಚಿ ಮಾಡುವ ಶುಲ್ಕ ಅಂತ ಅಲ್ಲಿ ಅಡಗಿರಬಹುದು. ಮನೆಯೊಳಗೆ ಕಾಲಿಟ್ಟ ದಿನವೇ ಗೋಡೆ, ನೆಲ, ಸಿಂಕ್ ಎಲ್ಲದರ ಫೋಟೋ ತೆಗೆದಿಡಿ. ವಾಸ ಮಾಡಿದ್ದರಿಂದ ಆಗುವ ಸಹಜ ಸವೆತದ ರಿಪೇರಿ ಬಾಡಿಗೆದಾರರ ಹೊಣೆಯಲ್ಲ. ಇದು 2020ರ ಏಪ್ರಿಲ್‌ನಿಂದ ಸಿವಿಲ್ ಸಂಹಿತೆಯಲ್ಲೇ ಇದೆ.

ಇನ್ನು ಹತ್ತಾರು ವರ್ಷದಿಂದ ಇಲ್ಲಿರುವ ಹಿರಿಯರಿಗೆ ಒಂದು ಮಾತು. ಅರ್ಜಿಯಲ್ಲಿ ‘ತುರ್ತು ಸಂಪರ್ಕ’ ಅಂತ ಒಂದು ಹೆಸರು ಕೇಳ್ತಾರೆ, ಜಪಾನಿನಲ್ಲೇ ಇರುವವರದ್ದು. ಜಾಮೀನು ಬೇರೆ, ಇದು ಬೇರೆ. ಇದರಲ್ಲಿ ದುಡ್ಡಿನ ಹೊಣೆ ಇಲ್ಲ. ಆದರೂ ಹುಡುಗರು ಬಂದು ಕೇಳಿದರೆ ನಮ್ಮವರೇ ಹಿಂದೆ ಸರೀತಾರೆ. ಆ ಒಂದು ಸಾಲು ಖಾಲಿ ಉಳಿದರೆ ಅರ್ಜಿ ಅಲ್ಲೇ ನಿಂತುಹೋಗಬಹುದು. ನನ್ನ ನಂಬರ್ ಈಗ ಮೂರು ಜನರ ಅರ್ಜಿಯಲ್ಲಿದೆ. ಇದುವರೆಗೆ ಬಂದಿರೋದು ಒಂದೇ ಫೋನ್, ಬೆಂಕಿ ಅಲಾರಂ ತಪಾಸಣೆಗೆ ಬಂದಾಗ ಬಾಗಿಲು ತೆಗೆಯೋರು ಯಾರೂ ಇರಲಿಲ್ಲ ಅಂತ.