ಎಳೆಯಿಂದ ಚಿತ್ತಾರಕ್ಕೆ



ಹೊಸ ವಿದ್ಯೆಯೊಂದು ಕೈಗೆ ಹತ್ತುವುದು ಹೇಗೆ? ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ. ಸಾಗರ ತಾಲ್ಲೂಕಿನ ಆನಂದಪುರ ಸೀಮೆಯ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರವನ್ನು ಗಮನಿಸಿದರೆ ಸಾಕು. ಮದುವೆಯ ಹಸೆಯ ಹಿಂದಿನ ಗೋಡೆಗೆ ಬರೆಯುವ ಚಿತ್ರವಿದು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಕಪ್ಪಾಗುವಂತೆ ಹುರಿದ ಅಕ್ಕಿಯ ಕರಿ, ಗುರಿಗೆ ಕಾಯಿಯ ಹಳದಿ. ಕುಂಚ ಪುಂಡಿ ನಾರಿನದು. ಇದರಲ್ಲಿ ಪಳಗಿದವಳನ್ನು ಚಿತ್ತಾರಗಿತ್ತಿ ಎಂದು ಕರೆಯುತ್ತಾರೆ.

ಈ ವಿದ್ಯೆಗೆ ಶಾಲೆಯಿರಲಿಲ್ಲ, ಪಠ್ಯವಿರಲಿಲ್ಲ. ತಾಯಿ, ಅಜ್ಜಿ, ಅತ್ತಿಗೆಯರ ಪಕ್ಕದಲ್ಲಿ ಕುಳಿತು ಹುಡುಗಿಯರು ಕಲಿತರು. ಕುಂಚ ಹಿಡಿಯುವ ಮುನ್ನ ಅಕ್ಕಿ ಅರೆಯುವ, ನಾರು ಹದಗೊಳಿಸುವ ಕೆಲಸ. ನೋಡಲು ಇದು ಬರೀ ಚಾಕರಿ. ನಿಜದಲ್ಲಿ ಮೊದಲ ಪಾಠ. ಅಕ್ಕಿಯ ಬಣ್ಣ ಹಸಿಯಿದ್ದಾಗ ಮಂಕು, ಒಣಗಿದ ಮೇಲೆಯೇ ಬೆಳ್ಳಗೆ. ನೀರು ಹೆಚ್ಚಾದರೆ ಗೆರೆ ಇಳಿಯುತ್ತದೆ, ಕಡಿಮೆಯಾದರೆ ನಡುವೆ ತುಂಡಾಗುತ್ತದೆ. ತಪ್ಪು ತಿಳಿಯುವುದು ತಡವಾಗಿ. ಹಸಿ ಗೆರೆಯಲ್ಲೇ ಒಣಗಿದ ಗೆರೆಯನ್ನು ಕಾಣುವ ಕಣ್ಣು ಮೊದಲು ಬರಬೇಕು.

ಆಮೇಲೆ ಎಳೆ. ಒತ್ತೊತ್ತಾಗಿ ಸಾಗುವ ನೇರ ಎಳೆಗಳೇ ಚಿತ್ತಾರದ ಜೀವಾಳ. ಒಂದು ಎಳೆ ಕೂದಲಷ್ಟು ವಾಲಿದರೆ ಅದರ ಪಕ್ಕದ್ದೂ ವಾಲುತ್ತದೆ. ಹೊಸಬಳ ಗಮನವೆಲ್ಲ ಕುಂಚದ ತುದಿಯಲ್ಲಿ. ಪಳಗಿದವಳ ಗಮನ ಎರಡು ಎಳೆಗಳ ನಡುವೆ ಉಳಿಯುವ ಕೆಂಪಿನಲ್ಲಿ.

ಇಂಥದೇ ಮಾತನ್ನು ವಿದ್ವಾಂಸರೂ ಹೇಳಿದ್ದಾರೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಟುವರ್ಟ್ ಡ್ರೈಫಸ್, ಹ್ಯೂಬರ್ಟ್ ಡ್ರೈಫಸ್ ಸೋದರರು ವಿಮಾನ ಚಾಲಕರು, ಚದುರಂಗದ ಆಟಗಾರರು, ಪರಭಾಷೆ ಕಲಿಯುವವರನ್ನು ಗಮನಿಸಿ 1980ರಲ್ಲಿ ಕಲಿಕೆಗೆ ಐದು ಮೆಟ್ಟಿಲುಗಳನ್ನು ಗುರುತಿಸಿದರು. ಕೆಳಗಿನ ಮೆಟ್ಟಿಲಲ್ಲಿರುವವನಿಗೆ ನಿಯಮವೇ ಊರುಗೋಲು. ಮೇಲಿನವನು ನಿಯಮವನ್ನು ನೆನೆಯುವುದಿಲ್ಲ. ಸಂದರ್ಭವನ್ನು ಕಂಡೊಡನೆ ಮಾಡಬೇಕಾದ್ದು ಹೊಳೆಯುತ್ತದೆ. ಕಷ್ಟವಿರುವುದು ನಡುವಿನ ಮೆಟ್ಟಿಲಿನಲ್ಲಿ. ಅಲ್ಲಿ ಕಲಿಯುವವನು ತಾನೇ ನಿರ್ಧರಿಸಬೇಕು, ತಪ್ಪಿದರೆ ಹೊಣೆಯನ್ನೂ ಹೊರಬೇಕು.

ಮಲೆನಾಡು ಆ ನಡುವಿನ ಮೆಟ್ಟಿಲಿಗೊಂದು ವ್ಯವಸ್ಥೆ ಮಾಡಿಕೊಂಡಿತ್ತು. ಅದೇ ಭೂಮಿ ಹುಣ್ಣಿಮೆಯ ಬುಟ್ಟಿ. ಆಶ್ವಯುಜ ಹುಣ್ಣಿಮೆಗೆ ಬತ್ತದ ಗದ್ದೆಯನ್ನು ಬಸುರಿಯೆಂದು ಭಾವಿಸಿ ಬಯಕೆಯ ಅಡುಗೆ ಬಡಿಸುವ ಹಬ್ಬವಿದು. ಚರಗ ಒಯ್ಯುವ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು ಚಿತ್ತಾರ ಬರೆಯುತ್ತಾರೆ. ಬುಟ್ಟಿ ಗೋಡೆಗಿಂತ ಚಿಕ್ಕದು, ಆದರೆ ಆಟದ ವಸ್ತುವಲ್ಲ. ಎಳೆ ಕೆಟ್ಟರೂ ಹಬ್ಬ ನಿಲ್ಲದು. ಮುಂದಿನ ವರ್ಷ ಬುಟ್ಟಿ ಮತ್ತೆ ಕೈಗೆ ಬರುತ್ತದೆ. ಮದುವೆಯ ಗೋಡೆಗೆ ಅಷ್ಟು ತಾಳ್ಮೆಯಿಲ್ಲ.

ಮಣ್ಣಿನ ಗೋಡೆಗಳ ಜಾಗಕ್ಕೆ ಸಿಮೆಂಟು ಬಂದಿದೆ. ಚಿತ್ತಾರ ಕಾಗದಕ್ಕೆ, ಬಟ್ಟೆಗೆ ಇಳಿದು ಹೊರನಾಡಿನವರ ಮೆಚ್ಚುಗೆ ಗಳಿಸಿದೆ. ಇದು ಸಂತೋಷದ ಸಂಗತಿ. ಆದರೆ ನಾಲ್ಕು ದಿನದ ಶಿಬಿರ ಕಲಿಸಬಲ್ಲದ್ದು ವಿನ್ಯಾಸವನ್ನು ಮಾತ್ರ, ಕೈಯ ಹದವನ್ನಲ್ಲ. ಹದಕ್ಕೆ ಬೇಕಾದ್ದು ವರ್ಷವರ್ಷವೂ ಮರಳಿ ಬರುವ ಕೆಲಸ, ಪಕ್ಕದಲ್ಲೊಬ್ಬ ಹಿರಿಯಳು, ತಪ್ಪನ್ನು ಸಹಿಸುವ ಮನೆ.

ಚಿತ್ತಾರವನ್ನು ಉಳಿಸಬೇಕೆನ್ನುವವರು ಗೋಡೆಯ ಚಿತ್ರಗಳನ್ನು ಕಾಪಾಡಿದರೆ ಸಾಲದು. ಹುಡುಗಿಯರ ಕೈಗೆ ಬುಟ್ಟಿಯನ್ನೂ ಕೊಡಬೇಕು. ಮೇಲಿನ ಮೆಟ್ಟಿಲನ್ನಷ್ಟೇ ಉಳಿಸಿಕೊಂಡ ಏಣಿಯನ್ನು ಯಾರೂ ಹತ್ತಲಾರರು.